ಪೊರೆ ತಿಂದ ತುಕ್ಕು

ಜೂನ್ 9, 2025, ಸೋಮವಾರ. ಹುಣಸೂರು

ಕರಡಿಗುಂಡಿ ಹಾಡಿಗೆ ಕೊಟ್ಟ ಮಾತು:

ಹಗಲೂ ರಾತ್ರಿ ಕರೆಂಟು. ಆರೋಗ್ಯ ಕೊಠಡಿಗೆ ಫ್ರಿಜ್ಜು, ಅದರೊಳಗೆ ಹಾವು ಕಚ್ಚಿದ್ದಕ್ಕೆ ಔಷಧಿ, ಕೂಸುಗಳ ಲಸಿಕೆ. ಕರೆಂಟು ಕೊಡುವ ಪೆಟ್ಟಿಗೆ ಐದು ವರ್ಷ ಬಾಳುತ್ತದೆ. ಅದಕ್ಕೆ ಬೇಕಾದ ಶುದ್ಧ ನೀರು ಹದಿನೈದು ದಿನಕ್ಕೊಂದು ಸಲ ಲ್ಯಾಬಿನಿಂದ ಬರುತ್ತದೆ.

ಕೊಡದೆ ಹೋದದ್ದು:

ಕರೆಂಟು ಕಂಬ. ಕಾಡೊಳಗೆ ಕಂಬ ನೆಡಂಗಿಲ್ಲ ಅಂತ ಪತ್ರ ಬಂದು ಹನ್ನೊಂದು ವರ್ಷ. ಶುದ್ಧ ನೀರು, ಫೆಬ್ರವರಿಯಿಂದ ಇಲ್ಲ. ಕರೆಂಟು, ಮೇ ಹದಿನಾರರಿಂದ ಇಲ್ಲ. ಐದು ವರ್ಷದ ಪೆಟ್ಟಿಗೆ ಏಳು ತಿಂಗಳಿಗೆ ಸತ್ತಿತು.

ಹೀಗೆ ಪಟ್ಟಿ ಮಾಡೋದು ಅಪ್ಪನಿಂದ ಅಂಟಿದ ಚಾಳಿ. ಅಪ್ಪ ಮಂಟಯ್ಯ, ಕಾಡೊಳಗಿನ ಆ ಮೂವತ್ತನಾಲ್ಕು ಮನೆಯ ಹಾಡಿಯಲ್ಲಿ ಸಂಘ ಕಟ್ಟಿದವನು. ಸಂಘದ ಪುಸ್ತಕದಲ್ಲಿ ಪ್ರತಿ ಸಭೆಯ ಮೊದಲ ಸಾಲು ಇದೇ: ಏನು ಕೊಡ್ತೀವಿ ಅಂದರು, ಏನು ಕೊಡಲಿಲ್ಲ. ಕೊನೆಯ ಸಾಲು: ಮುಂದಿನ ಸಭೆ ಯಾವತ್ತು, ಎಷ್ಟೊತ್ತಿಗೆ. ನಡುವೆ ಬರೀ ಜಗಳ. ಅಪ್ಪನಿಗೆ ಬರೆಯೋಕೆ ಬರಲ್ಲ. ಆಶ್ರಮ ಶಾಲೆಯಿಂದ ರಜಕ್ಕೆ ಬಂದಾಗೆಲ್ಲ ನನ್ನ ಕೈಲಿ ಬರೆಸುತ್ತಿದ್ದ. ಆ ಪುಸ್ತಕ ಮುಟ್ಟದೆ ಹನ್ನೆರಡು ವರ್ಷ ಆಯಿತು. ಈಗ ನಾನು ಆ ಪೆಟ್ಟಿಗೆ ಕೂರಿಸಿದ ಸಂಶೋಧನಾ ಸಂಸ್ಥೆಯವಳು. ಫ್ಯುಯೆಲ್ ಸೆಲ್ ಅನ್ನೋ ಇಂಥ ಪೆಟ್ಟಿಗೆಯೊಳಗಿನ ಪೊರೆಗಳು ಯಾಕೆ ಬೇಗ ಸಾಯುತ್ತವೆ ಅನ್ನೋದು ನನ್ನ ಪಿಎಚ್‌ಡಿ. ಪಟ್ಟಿ ಬರೆದ ಮಾತ್ರಕ್ಕೆ ಅವರ ಕಡೆಯವಳು ಅಂತಲ್ಲ. ಕಾರಣ ಹುಡುಕೋದು ನಮ್ಮ ಕೆಲಸ. ಆಗಸ್ಟ್ ಕೊನೆಗೆ ವರದಿ ಕೊಡಬೇಕು.

ಜೂನ್ 12, ಗುರುವಾರ

ಪೆಟ್ಟಿಗೆಯ ಹೊಟ್ಟೆಯನ್ನು ಲ್ಯಾಬಿಗೆ ತಂದು ಬಿಚ್ಚಿದೆವು. ನಲವತ್ತು ಪದರ, ಪದರಕ್ಕೊಂದು ಪೊರೆ. ಹೊಸದರಲ್ಲಿ ಈರುಳ್ಳಿಯ ಒಳಪೊರೆ ಹಾಗೆ ತಿಳಿಯಾಗಿದ್ದವು. ಈಗ ಕಂದು. ದೀಪಕ್ಕೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು.

ಹೋದ ಅಕ್ಟೋಬರಿನಲ್ಲಿ ಪೆಟ್ಟಿಗೆ ಕೂರಿಸಿದ ದಿನ ಹಾಡಿಯ ಕಾಳಿ ಅತ್ತೆ ಕೇಳಿದ್ದಳು, “ಇದ್ರೊಳಗೆ ಬೆಂಕಿ ಎಲ್ಲದೆ ಕೂಸೆ?” ಬೆಂಕಿ ಇಲ್ಲ ಅತ್ತೆ ಅಂದಿದ್ದೆ. ಒಂದು ಕಡೆಯಿಂದ ಸಿಲಿಂಡರಿನ ಹೈಡ್ರೋಜನ್ನು, ಇನ್ನೊಂದು ಕಡೆಯಿಂದ ಗಾಳಿ, ಮಧ್ಯೆ ಈ ಪೊರೆ. ಎರಡನ್ನೂ ನೇರ ಸೇರೋಕೆ ಬಿಡಲ್ಲ. ಹೈಡ್ರೋಜನ್ನಿನ ಒಂದು ಚೂರನ್ನ ಮಾತ್ರ ತನ್ನೊಳಗಿಂದ ದಾಟಿಸುತ್ತೆ, ಮಿಕ್ಕಿದ್ದು ತಂತಿ ಹಿಡಿದು ಸುತ್ತಿ ಬರಬೇಕು. ಆ ಸುತ್ತಿ ಬರೋದೇ ಕರೆಂಟು. ಪೊರೆ ಸದಾ ಒದ್ದೆ ಇರಬೇಕು. ಅದಕ್ಕೆ ಗಾಳಿಯನ್ನ ನೀರಲ್ಲಿ ನೆನೆಸಿ ಕಳಿಸ್ತೀವಿ. ನೀರು ಮಾತ್ರ ಆವಿ ಹಿಡಿದು ಇಳಿಸಿದ್ದೇ ಆಗಬೇಕು. “ಆವಿ ನೀರು ಕುಡಿಯೋ ದ್ಯಾವ್ರು” ಅಂತ ನಕ್ಕಿದ್ದಳು. ಅವತ್ತಿಂದ ನೀರು ತುಂಬುವ ಕೆಲಸ ಅವಳದೇ.

ಪೊರೆಯಲ್ಲಿ ಕಬ್ಬಿಣ ಸಿಕ್ಕಿದೆ. ಇರಬೇಕಾದ್ದಕ್ಕಿಂತ ನೂರಾರು ಪಟ್ಟು. ಕಬ್ಬಿಣ ಒಳಗೆ ಹೊಕ್ಕರೆ ಮುಗಿಯಿತು, ಪೊರೆ ಒಳಗಿಂದಲೇ ಸವೆದು ನೀರಾಗಿ ಹರಿದು ಹೋಗುತ್ತದೆ.

ವೀರಭದ್ರಸ್ವಾಮಿ ಸಾರ್ ನಮ್ಮ ಯೋಜನೆಯ ಮುಖ್ಯಸ್ಥರು, ನನ್ನ ಗೈಡೂ ಅವರೇ. ನೋಡಿ ಅಂದರು, “ಹಳ್ಳದ ನೀರು ಹಾಕಿದ್ದಾರಮ್ಮ. ಅಲ್ಲಿಯ ಹಳ್ಳ ಕೆಂಪಗೇ ಹರಿಯೋದು. ಬಳಕೆದಾರರ ಅಜಾಗರೂಕತೆ ಅಂತ ಬರಿ. ಹೊಸ ಪೊರೆ ಹಾಕಿ ಪೆಟ್ಟಿಗೆಯನ್ನ ಕಬಿನಿ ಹಿನ್ನೀರಿನ ಹತ್ರ ಒಂದು ರೆಸಾರ್ಟಿಗೆ ಕೊಡೋಣ. ಅವರು ಕೇಳ್ತಾ ಇದ್ದಾರೆ, ಚೆನ್ನಾಗಿ ನೋಡ್ಕೋತಾರೆ.”

ಹೌದು ಸಾರ್ ಅಂದೆ. ನನಗೂ ಹಾಗೇ ಅನ್ನಿಸಿತು. ಬಳಕೆದಾರರಿಗೆ ಎಷ್ಟು ಹೇಳಿದರೂ ಅಷ್ಟೆ.

ಜೂನ್ 17, ಮಂಗಳವಾರ

ವಸಂತನ ಜೀಪಿನಲ್ಲಿ ಹಾಡಿಗೆ ಹೋಗಿದ್ದೆ, ನೀರಿನ ಸ್ಯಾಂಪಲ್ ತರೋಕೆ. ವಸಂತ್ ಗಾವಡಗೆರೆಯವನು, ಲ್ಯಾಬಿನ ಟೆಕ್ನಿಷಿಯನ್, ಬಾಯಿ ಬಿಗಿ ಹಿಡಿಯೋನಲ್ಲ. ಅಂತರಸಂತೆ ದಾಟಿದ ಮೇಲೆ ಶುಂಠಿ ಹೊಲದ ಪಕ್ಕ ಆನೆ ಲದ್ದಿ ನೋಡಿ, “ಕಂಬ ನೆಡಂಗಿಲ್ಲ, ಇವು ಮಾತ್ರ ಕಾಡೊಳಗೆ ಏನ್ ಹಾಕಿದ್ರೂ ಯಾರೂ ಕೇಳಲ್ಲ ಕಣೆ ಶ್ಯಾಮಲಾ” ಅಂದ.

ಆರೋಗ್ಯ ಕೊಠಡಿಯಲ್ಲಿ ಪ್ರಮೀಳಾ ಸಿಸ್ಟರ್ ಇದ್ದರು. ಮಂಗಳವಾರ, ಶುಕ್ರವಾರ ಬರುತ್ತಾರೆ. ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದರು. ಒಳಗೆ ಅವರ ಊಟದ ಡಬ್ಬಿ, ಛತ್ರಿ. “ಔಷಧಿ ಎಲ್ಲಾ ವಾಪಸ್ ಅಂತರಸಂತೆ ಆಸ್ಪತ್ರೆಗೆ ಕಳಿಸ್ದೆ ಕಣ್ರೀ. ತಂಪಿಲ್ಲದೆ ಇಟ್ರೆ ನನ್ನ ಕೇಳ್ತಾರೆ. ಇಲ್ಲಿಂದ ಹದಿನೆಂಟು ಕಿಲೋಮೀಟ್ರು. ಹಾವಿಗೆ ಹೇಳಿ ಬನ್ನಿ, ಅಲ್ಲಿಗೇ ಹೋಗಿ ಕಚ್ಚು ಅಂತ.”

ಕಾಳಿ ಅತ್ತೆಯನ್ನ ಕೇಳಿದೆ, “ಪೆಟ್ಟಿಗೆಗೆ ಯಾವ ನೀರು ಹಾಕ್ತಿದ್ದೆ?”

“ಆವಿ ನೀರು.”

“ಸುಳ್ಳು ಹೇಳಬೇಡ ಅತ್ತೆ. ಕ್ಯಾನು ಬಂದು ನಾಕು ತಿಂಗಳಾಯ್ತು.”

“ಕ್ಯಾನ್ ಬರ್ನಿಲ್ಲ ಅಂತ ಅದು ಬಾಯಾರ್ಕೊಂಡ್ ಕೂತಿರ್ಬೇಕಾ? ನಾನೇ ಇಳಿಸ್ದೆ. ಬಾ ಇಲ್ಲಿ, ದೊಡ್ಡ ಓದ್ದೋಳೆ.”

ಗುಡಿಸಿಲ ಹಿಂದೆ ಒಲೆ. ಒಲೆ ಮೇಲೆ ಹೊಸ ಮಡಕೆ. ಮಡಕೆಯೊಳಗೆ ಮೂರು ಕಲ್ಲು, ಕಲ್ಲ ಮೇಲೆ ಸ್ಟೀಲಿನ ಬಟ್ಟಲು. ಮಡಕೆ ಬಾಯಿಗೆ ತಣ್ಣೀರು ತುಂಬಿದ ಸ್ಟೀಲ್ ಬೋಗುಣಿ ಕೂರಿಸಿ, ಸುತ್ತ ರಾಗಿ ಹಿಟ್ಟು ಮೆತ್ತಿದ್ದಳು. ಕೆಳಗೆ ಕುದಿಯುವ ನೀರಿನ ಆವಿ ಮೇಲೇರಿ, ತಣ್ಣನೆ ಬೋಗುಣಿಯ ಅಡಿಗೆ ತಗಲಿ, ಹನಿ ಹನಿ ಬಟ್ಟಲಿಗೆ. ದಿನಕ್ಕೆ ಒಂದು ಬಾಟಲಿ.

“ಯಾರು ಹೇಳ್ಕೊಟ್ಟರು?”

“ಮಾನಂತವಾಡಿ ಕಡೆ ಎಸ್ಟೇಟಲ್ಲಿ ಆರು ವರ್ಸ ಹುಲ್ಲೆಣ್ಣೆ ಇಳಿಸಿವ್ನಿ. ಪುಲ್ತೈಲ ಅಂತರೆ ಅವ್ರು. ಹುಲ್ಲು ಬೇಯ್ಸಿ ಆವಿ ಹಿಡಿದ್ರೆ ಎಣ್ಣೆ. ಹುಲ್ಲು ಆಕ್ದೆ ಹಿಡಿದ್ರೆ ಬರೀ ನೀರು. ಇದುಕ್ಕೇನ್ ಕಾಲೇಜ್ ಬೇಕಾ?”

ವಸಂತ್ ಜೀಪಿನ ಬಾನೆಟ್ಟಿಗೆ ಒರಗಿ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಮೂರು ಸೀಸೆ ತುಂಬಿಕೊಂಡು ಬಂದೆ.

ಜೂನ್ 19, ಗುರುವಾರ

ಮೂರು ಗಾಜಿನ ನಳಿಗೆ. ಒಂದರಲ್ಲಿ ಹಳ್ಳದ ನೀರು, ಒಂದರಲ್ಲಿ ನಮ್ಮ ಲ್ಯಾಬಿನ ಕ್ಯಾನಿನದು, ಒಂದರಲ್ಲಿ ಕಾಳಿ ಅತ್ತೆಯದು. ಕಬ್ಬಿಣ ಇದ್ದರೆ ರಕ್ತದ ಬಣ್ಣಕ್ಕೆ ತಿರುಗುವ ಔಷಧಿ ಎರಡೆರಡು ಹನಿ.

ಹಳ್ಳದ ನೀರು ಕೆಂಪಾಯಿತು. ಲ್ಯಾಬಿನದು ತಿಳಿ. ಅತ್ತೆಯದು ತಿಳಿ. ಯಂತ್ರಕ್ಕೆ ಹಾಕಿ ಅಳೆದರೆ ಲ್ಯಾಬಿನದಕ್ಕಿಂತ ಅತ್ತೆಯ ನೀರೇ ಒಂದು ಗೆರೆ ಚೊಕ್ಕ.

ಸಾರ್ ಹತ್ತಿರ ಒಯ್ದೆ. ನೋಡಿದರು. ನಳಿಗೆ ವಾಪಸ್ ಕೊಟ್ಟರು.

“ನೀನು ಬರ್ತೀಯ ಅಂತ ಒಂದಿನ ಚೆನ್ನಾಗಿ ಇಳಿಸಿರಬಹುದು. ಮಿಕ್ಕ ದಿನ ಯಾರು ನೋಡಿದ್ದಾರೆ? ಮಡಕೆ, ರಾಗಿ ಹಿಟ್ಟು ಅಂತ ವರದಿಯಲ್ಲಿ ಬರೆದರೆ ಯೋಜನೆ ಕಮಿಟಿಯೋರು ನಗ್ತಾರೆ ಕಣಮ್ಮ.”

“ವಾರ ವಾರ ಸ್ಯಾಂಪಲ್ ತಂದು ತೋರಿಸಿದರೆ?”

“ತಂದ್ಕೋ. ಆದ್ರೆ ಕಬ್ಬಿಣ ಎಲ್ಲಿಂದ ಬಂತು ಅಂತಲೂ ಹೇಳ್ಬೇಕಾಗುತ್ತೆ.”

ಅದು ಸರಿ. ಕಬ್ಬಿಣ ಎಲ್ಲಿಂದ ಬಂತು?

ಅಪ್ಪನಿಗೆ ಫೋನ್ ಮಾಡಿ ಹೇಳಿದೆ: ಪೆಟ್ಟಿಗೆ ಸತ್ತಿದ್ದರೂ ಅತ್ತೆ ನೀರು ಇಳಿಸೋದು ನಿಲ್ಲಿಸೋದು ಬೇಡ, ದಿನಾ ಒಂದು ಬಾಟಲಿ ತಾರೀಕು ಹಾಕಿ ಇಡಲಿ.

ಜೂನ್ 24, ಮಂಗಳವಾರ

ನಾನೇ ಮಾಡಿದ ಪೊರೆ ಪರೀಕ್ಷೆಗೆ ಕೂತು ಇವತ್ತಿಗೆ ಹದಿನೇಳು ದಿನ. ಮಧ್ಯೆ ಬಲೆ ಹೆಣೆದು ಗಟ್ಟಿ ಮಾಡಿದ್ದೆ, ಕಬ್ಬಿಣದ ವಿಷ ನುಂಗಲಿ ಅಂತ ಸೀರಿಯಂ ಅನ್ನೋ ಲೋಹ ಸೇರಿಸಿದ್ದೆ. ಎರಡು ನಿಮಿಷ ನೆನೆಸೋದು, ಎರಡು ನಿಮಿಷ ಒಣಗಿಸೋದು. ಇಪ್ಪತ್ತು ಸಾವಿರ ಸಲ ತಡೆಯಬೇಕು.

6,112ಕ್ಕೆ ಹರಿಯಿತು. ಬಲೆ ಮುಗಿಯುವ ಅಂಚಿನಲ್ಲಿ.

ಮೂರು ವರ್ಷದ ಕೆಲಸ.

ಜುಲೈ 2, ಬುಧವಾರ

ಬೆಳಿಗ್ಗೆ ಅಪ್ಪನ ಫೋನು.

“ಕಾಳಿ ಮಡಕೆ ಒಡ್ದಾಕುದ್ರು ಕಣವ್ವ.”

“ಯಾರು?”

“ಯಾರೋ ಇಬ್ರು ಕಾಕಿಯೋರು. ಕಳ್ಭಟ್ಟಿ ಅಂತ. ಪೆಟ್ಗೆಗೆ ನೀರು ಸ್ವಾಮಿ, ಮೂಸಿ ನೋಡಿ ಅಂದ್ಲು ಕಾಳಿ. ಮೂಸುದ್ರು. ವಾಸ್ನೆನೇ ಬರ್ನಿಲ್ಲ. ಅಂಗಾದ್ರೆ ಇದು ಬಾರೀ ಸ್ಟ್ರಾಂಗು ಅಂತ ಒಂದ್ ಬಾಟ್ಲಿನೂ ಬುಡ್ದೆ ನೆಲಕ್ಕೆ ಸುರುದ್ರು.”

“ತಾರೀಕು ಹಾಕಿದ್ದವು?”

“ಅವೇಯ. ಹನ್ನೊಂದ್ ಬಾಟ್ಲಿ. ನಿನ್ ಹೆಸ್ರೇಳ್ದೆ. ನಮ್ ಮಗ್ಳು ದೊಡ್ಡ ಆಪೀಸಲ್ಲವ್ಳೆ, ಅವ್ಳೇ ಇಳ್ಸು ಅಂದವ್ಳೆ ಅಂದೆ. ನಿಮ್ ಮಗ್ಳೂ ಇದೇ ದಂದೆನಾ ಅಂದ್ರು.”

ಅಪ್ಪ ನಗುತ್ತಿದ್ದ. ಸಿಟ್ಟು ಬಂದಾಗ ಅವನು ನಗೋದು. ನಾನು ಸಣ್ಣವಳಿದ್ದಾಗ ತಾಲ್ಲೂಕು ಆಫೀಸಿನ ಮುಂದೆ ಗುಮಾಸ್ತ ಅವನ ಅರ್ಜಿ ಹರಿದು ಎಸೆದಾಗಲೂ ಹೀಗೇ ನಕ್ಕಿದ್ದ.

ಹಾಡಿಯ ಹೆಂಗಸು ಒಲೆ ಮೇಲೆ ಮಡಕೆ ಇಟ್ಟು ಆವಿ ಹಿಡಿದರೆ ಸಾರಾಯಿ. ನಾನು ಹುಣಸೂರಿನಲ್ಲಿ ಗಾಜಿನ ಪಾತ್ರೆಯಲ್ಲಿ ಅದನ್ನೇ ಮಾಡಿದರೆ ಸಂಶೋಧನೆ. ಇದನ್ನ ಸಾರ್‌ಗೆ ಹೇಳಬೇಕು ಅಂತ ಹೋದೆ. ಅವರು ರೆಸಾರ್ಟಿನವರ ಜೊತೆ ಫೋನಿನಲ್ಲಿದ್ದರು. ವಾಪಸ್ ಬಂದೆ.

ಜುಲೈ 8, ಮಂಗಳವಾರ

ದೇವರಾಜ ಹೋದ. ಹಾವು. ಶುಂಠಿ ಹೊಲದಲ್ಲಿ, ಮಧ್ಯಾಹ್ನ.

ಜುಲೈ 11, ಶುಕ್ರವಾರ

ಇವತ್ತು ಬರೆಯುತ್ತೇನೆ. ಬರೆಯದೆ ಇದ್ದರೆ ಇನ್ಯಾರು ಬರೆಯುತ್ತಾರೆ.

ದೇವರಾಜನಿಗೆ ಮೂವತ್ತೊಂದು. ಚಿನ್ನು ಅವನ ಹೆಂಡತಿ, ನನ್ನ ಜೊತೆ ಆಶ್ರಮ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಹೊಲದಿಂದ ಅವನನ್ನ ಕಂಬಳಿಯಲ್ಲಿ ಹೊತ್ತು ತಂದರು. ಅವತ್ತು ಮಂಗಳವಾರ. ಆರೋಗ್ಯ ಕೊಠಡಿಯ ಬಾಗಿಲು ತೆರೆದಿತ್ತು. ಪ್ರಮೀಳಾ ಸಿಸ್ಟರ್ ಇದ್ದರು. ಸಿರಿಂಜು ಇತ್ತು, ಹತ್ತಿ ಇತ್ತು, ಫ್ರಿಜ್ಜೂ ಇತ್ತು. ಔಷಧಿ ಹದಿನೆಂಟು ಕಿಲೋಮೀಟರ್ ಆಚೆ ಇತ್ತು. ಜೀಪು ಸಿಗುವ ಹೊತ್ತಿಗೆ ಮುಕ್ಕಾಲು ಗಂಟೆ. ದಾರಿಯಲ್ಲಿ ಆನೆ ಹಿಂಡು, ಇಪ್ಪತ್ತು ನಿಮಿಷ. ಅಂತರಸಂತೆ ಇನ್ನೂ ನಾಕು ಕಿಲೋಮೀಟರ್ ಇರುವಾಗ ಸಿಸ್ಟರ್ ಮಡಿಲಲ್ಲೇ ಉಸಿರು ನಿಂತಿತು.

ಇವತ್ತು ಹಾಡಿಗೆ ಹೋದಾಗ ಸಿಸ್ಟರ್ ನನ್ನ ಕೈ ಹಿಡಿದು ಅತ್ತರು. “ನಾನು ಇದ್ದೆ ಕಣ್ರೀ. ಇಲ್ಲದೇ ಇದ್ದಿದ್ರೆ ಇದಕ್ಕಿಂತ ಚೆನ್ನಾಗಿತ್ತು.”

ಚಿನ್ನು ಅಳಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು. “ಪೆಟ್ಗೆ ಯಾಕ್ ಕೆಟ್ಟೋಯ್ತು ಅಂತ ಗೊತ್ತಾಯ್ತಾ ಸ್ಯಾಮ್ಲಿ?”

ಇಲ್ಲ ಅಂದೆ.

“ಗೊತ್ತಾದ್ಮೇಲೆ ನಂಗ್ ಬಂದು ಏಳು.”

ಜುಲೈ 21, ಸೋಮವಾರ

ಪೆಟ್ಟಿಗೆ ಎತ್ತಿಕೊಂಡು ಹೋಗೋಕೆ ಮುಂಚೆ ಹಾಡಿಯ ಶೆಡ್ಡಿನಲ್ಲಿ ಏನೇನು ಉಳಿದಿದೆ ಅಂತ ಪಟ್ಟಿ ಮಾಡೋಕೆ ಸಾರ್ ಕಳಿಸಿದ್ದರು. ನೀರಿನ ಟ್ಯಾಂಕು, ಪೈಪು, ಸಿಲಿಂಡರ್ ಸ್ಟ್ಯಾಂಡು. ಜೇಬಿಗೆ ಕೈ ಹಾಕಿದರೆ ಲ್ಯಾಬಿನ ಮ್ಯಾಗ್ನೆಟ್ ತುಂಡು, ದ್ರಾವಣ ಕಲಕೋಕೆ ಇಟ್ಟುಕೊಳ್ಳೋದು. ಮಾತ್ರೆಯಷ್ಟು ಗಾತ್ರ, ಬಿಳಿ. ಲ್ಯಾಬಿನಿಂದ ಹೊರಡುವಾಗ ತೆಗೆದಿಡೋದು ಯಾವಾಗಲೂ ಮರೆಯುತ್ತೇನೆ.

ಬರೆದುಕೊಳ್ಳೋಕೆ ಜಾಗ ಇಲ್ಲ ಅಂತ ಪೈಪಿನ ಮೇಲೆ ಪುಸ್ತಕ ಇಟ್ಟೆ. ಮ್ಯಾಗ್ನೆಟ್ ಅದೇ ಕೈಲಿತ್ತು. ಪೈಪು ತಿರುಗುವ ಕಡೆ ಹಾಕಿದ್ದ ಎಲ್ಬೋಗೆ ಟಕ್ ಅಂತ ಹೋಗಿ ಅಂಟಿಕೊಂಡಿತು.

ಅಲ್ಲಿ ಹಾಕಬೇಕಿದ್ದ ಸ್ಟೀಲಿಗೆ ಮ್ಯಾಗ್ನೆಟ್ ಅಂಟಲ್ಲ.

ಕಿತ್ತು ಇನ್ನೊಂದು ಸಲ ಇಟ್ಟೆ. ಟಕ್. ಪೈಪಿಗೆ ಇಟ್ಟೆ, ಜಾರಿ ಬಿತ್ತು. ಎಲ್ಬೋಗೆ ಇಟ್ಟೆ. ಟಕ್.

ಉಗುರಲ್ಲಿ ಕೆರೆದರೆ ಬೆಳ್ಳಿ ಬಣ್ಣ ಎದ್ದು ಬಂತು. ಪೇಂಟು. ಕೆಳಗೆ ಬೀದಿ ನಲ್ಲಿಗೆ ಹಾಕುವ ಮಾಮೂಲಿ ಕಬ್ಬಿಣದ ಎಲ್ಬೋ. ಪಾನಾ ಹಾಕಿ ಬಿಚ್ಚಿದೆ. ಒಳಗೆ ತುಕ್ಕು, ಹುಣಸೆಹಣ್ಣು ಕಿವುಚಿದ ಹಾಗೆ. ಏಳು ತಿಂಗಳು ಒದ್ದೆ ಗಾಳಿ ಇದರೊಳಗಿಂದ ಹೋಗಿ ಪೊರೆ ಮುಟ್ಟಿದೆ. ಕಾಳಿ ಅತ್ತೆ ರಾಗಿ ಹಿಟ್ಟು ಮೆತ್ತಿ ಹನಿ ಹನಿ ಇಳಿಸಿದ ನೀರು ಇದರೊಳಗೆ ಹಾದು ವಿಷ ಆಗಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. “ಸಿಕ್ತಾ?”

“ನೋಡ್ತಿದೀನಿ ಅತ್ತೆ” ಅಂದೆ. ಎಲ್ಬೋವನ್ನು ಬ್ಯಾಗಿಗೆ ಹಾಕಿಕೊಂಡೆ.

ಯಾಕೆ ಹಾಗಂದೆ?

ಜುಲೈ 22, ಮಂಗಳವಾರ

ಯಾಕೆ ಅಂತ ಗೊತ್ತು. ಪೆಟ್ಟಿಗೆ ಕೂರಿಸಿದಾಗಿನ ತಪಾಸಣೆ ಪಟ್ಟಿ ಬೀರುವಿನಿಂದ ತೆಗೆದು ನೋಡಿದೆ. ನಲವತ್ತೊಂದು ಸಾಲು. ಇಪ್ಪತ್ತೇಳನೆಯದು: ಪೈಪು, ಎಲ್ಬೋ, ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಟಿಕ್. ಪರಿಶೀಲಿಸಿದವರು: ಶ್ಯಾಮಲಾ ಎಂ.

ಅವತ್ತು ಆ ಪಟ್ಟಿಗೆ ಟಿಕ್ ಹಾಕಿದ್ದು ಜೀಪಿನಲ್ಲಿ ಕೂತು, ಅಂತರಸಂತೆ ದಾಟುವ ಮುಂಚೆ. ಶೆಡ್ಡು ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ. ಅತಿಥಿಗಳು ಬೇಗ ಬರ್ತಾರೆ, ಕಾಗದ ರೆಡಿ ಇರಲಿ ಅಂದಿದ್ದರು ಸಾರ್. ನಾನು ಹೊಸ ಸೀರೆ ಉಟ್ಟಿದ್ದೆ. ನಮ್ಮ ಹಾಡಿ ಮಗಳೇ ಬೆಳಕು ತಂದಳು ಅಂತ ಮೈಕಿನಲ್ಲಿ ಹೇಳುವವರಿದ್ದರು. ನಲವತ್ತೊಂದು ಟಿಕ್ಕು, ಒಂದೇ ಎಳೆತದಲ್ಲಿ, ಜೀಪು ಗುಂಡಿಗೆ ಇಳಿದಾಗ ಒಂದು ಟಿಕ್ಕು ಉದ್ದ ಹೋಗಿದೆ. ಅದು ಮೂವತ್ತಮೂರನೆಯದು.

ಮ್ಯಾಗ್ನೆಟ್ ಅವತ್ತೂ ಜೇಬಿನಲ್ಲಿತ್ತು. ಸೀರೆ ಮೇಲೆ ಲ್ಯಾಬ್ ಕೋಟು ಹಾಕಿದ್ದೆ, ಫೋಟೋಗೆ.

ಒಂದು ಟಕ್. ಒಂದು ಸೆಕೆಂಡು.

ಜುಲೈ 30, ಬುಧವಾರ

ವಸಂತನಿಗೆ ಎಲ್ಬೋ ತೋರಿಸಿದೆ. ಕೈಯಲ್ಲಿ ಹಿಡಿದು ತೂಗಿದ.

“ಕಂಟ್ರಾಕ್ಟರ್ ಕಂಠಪ್ಪ ಆಕ್ದ, ನೀನು ಟಿಕ್ ಹಾಕ್ದೆ, ಸಾರ್ ಸಹಿ ಹಾಕುದ್ರು. ಮೂರು ಜನ ಸೇರಿ ಒಂದು ಎಲ್ಬೋ. ಯಾರ ಪಾಲಿಗೂ ಪೂರ್ತಿ ಬರಲ್ಲ. ಬುಡು.”

“ದೇವರಾಜನ ಪಾಲಿಗೆ?”

“ನಾನು ಜೀಪಿನೋನು ಕಣೆ. ನನ್ನ ಯಾಕೆ ಕೇಳ್ತೀಯ” ಅಂದ. ಆಮೇಲೆ ಸುಮ್ಮನೆ ಟೀ ತಂದುಕೊಟ್ಟ.

ಆಗಸ್ಟ್ 4, ಸೋಮವಾರ

ವರದಿ ಟೈಪ್ ಮಾಡಿದೆ. “ಬಳಕೆದಾರರ ಅಜಾಗರೂಕತೆಯಿಂದ ಪೊರೆಯೊಳಗೆ ಕಬ್ಬಿಣದ ಅಂಶ ಸೇರಿ.”

ಅಲ್ಲಿಗೆ ನಿಲ್ಲಿಸಿದೆ. ವಾಕ್ಯ ಮುಗಿಸಲಿಲ್ಲ. ಅಳಿಸಲೂ ಇಲ್ಲ.

ಆಗಸ್ಟ್ 5

ಮುಗಿಸಿದೆ. ಸಾರ್ ಚೆನ್ನಾಗಿದೆ ಅಂದರು.

ಆಗಸ್ಟ್ 13, ಬುಧವಾರ

ಎಲ್ಬೋ ಮೇಜಿನ ಮೇಲಿದೆ. ತುಕ್ಕಿನ ಪುಡಿ ಉದುರಿ ಮೇಜಿನ ಬಟ್ಟೆಗೆ ಕಲೆ ಆಗಿದೆ, ಒಗೆದರೂ ಹೋಗಲಿಲ್ಲ.

ಪೊರೆ ಯಾಕೆ ಹರಿಯುತ್ತೆ ಅಂತ ನೂರಾ ಎಂಬತ್ತು ಪುಟ ಬರೆದಿದ್ದೇನೆ. ಒಣಗೋದು, ನೆನೆಯೋದು, ಬಿಸಿ, ಒತ್ತಡ, ಕಬ್ಬಿಣ. ಜೀಪಿನಲ್ಲಿ ಕೂತು ಹಾಕಿದ ಟಿಕ್ಕು ಅಂತ ಒಂದು ಕಾರಣ ಆ ನೂರಾ ಎಂಬತ್ತು ಪುಟದಲ್ಲಿ ಎಲ್ಲೂ ಇಲ್ಲ.

ಅಪ್ಪ ಫೋನ್ ಮಾಡಿದ್ದ. “ಏನವ್ವ, ವರ್ದಿ ಆಯ್ತಾ? ನಮ್ ಬಗ್ಗೆ ಏನ್ ಬರ್ದಿದ್ದೀ?” ಅಂದ. ಸಿಗ್ನಲ್ ಇಲ್ಲ ಅಂತ ಕತ್ತರಿಸಿದೆ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಸಿಗ್ನಲ್ ಇಲ್ಲ.

ಆಗಸ್ಟ್ 18, ಸೋಮವಾರ

ಎಲ್ಬೋ ಒಯ್ದು ಸಾರ್ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಮ್ಯಾಗ್ನೆಟ್ ಇಟ್ಟೆ. ಟಕ್.

ಎತ್ತಿ ತಿರುಗಿಸಿ ನೋಡಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲ.

“ತಪಾಸಣೆ ಯಾರದು?”

“ನಂದು ಸಾರ್.”

“ಹಾಗಿದ್ರೆ ಇದನ್ನ ಯಾಕಮ್ಮ ತಂದೆ? ನಿನ್ನ ಕುತ್ತಿಗೆಗೆ ನೀನೇ ಹಗ್ಗ ತರ್ತೀಯಲ್ಲ. ಡಿಸೆಂಬರಿಗೆ ನಿನ್ನ ಪಿಎಚ್‌ಡಿ ಮುಗಿಯುತ್ತೆ. ಆ ಹಾಡಿಯಿಂದ ಡಾಕ್ಟರ್ ಅನ್ನಿಸಿಕೊಂಡ ಮೊದಲನೇ ಹೆಣ್ಣುಮಗಳು ನೀನು. ಅದಕ್ಕಿಂತ ಒಂದು ಎಲ್ಬೋ ದೊಡ್ಡದಾ?”

“ವರದಿ ಬದಲಾಯಿಸಬೇಕು ಸಾರ್. ತಪ್ಪು ನಮ್ಮ ಹಾಡಿಯವರದಲ್ಲ.”

“ನಮ್ಮ ಅಂದ್ರೆ?”

ಅವರು ಎಲ್ಬೋವನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ನನ್ನ ಕಣ್ಣೆದುರೇ. ಮ್ಯಾಗ್ನೆಟ್ಟೂ ಅದಕ್ಕೆ ಅಂಟಿಕೊಂಡೇ ಹೋಯಿತು.

ಫೋಟೋಗಳು ನನ್ನ ಫೋನಿನಲ್ಲಿವೆ. ಪಟ್ಟಿಯ ಇಪ್ಪತ್ತೇಳನೆಯ ಸಾಲು, ಟಿಕ್ಕು, ನನ್ನ ಸಹಿ, ಮೂರು ನಳಿಗೆ, ತುಕ್ಕು. ಸಂಜೆ ಎಲ್ಲವನ್ನೂ ಕಮಿಟಿಯ ಒಂಬತ್ತು ಜನಕ್ಕೂ ಕಳಿಸಿದೆ. ಕಳಿಸಿದ ಮೇಲೆ ಧೈರ್ಯ ಬರುತ್ತೆ ಅಂತ ಅಂದುಕೊಂಡಿದ್ದೆ. ಫೋನು ತೆಗೆದು ತೆಗೆದು ನೋಡುತ್ತಿದ್ದೇನೆ ಅಷ್ಟೆ.

ಆಗಸ್ಟ್ 21, ಗುರುವಾರ

ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿದ್ದಾರೆ. ತಪಾಸಣೆಯಲ್ಲಿ ಗಂಭೀರ ಲೋಪ. ಪತ್ರದಲ್ಲಿ ಬರೆದಿರೋದು ನಿಜ, ಒಂದಕ್ಷರ ಸುಳ್ಳಿಲ್ಲ. ಅದೇ ಪತ್ರ ಬರೆದವರು ವರದಿಯನ್ನ ಮಾತ್ರ ಬದಲಾಯಿಸಿಲ್ಲ. ಲೋಪ ನನ್ನದು, ಅಜಾಗರೂಕತೆ ಹಾಡಿಯದು. ಕಂಠಪ್ಪನ ಹೆಸರು ಎಲ್ಲೂ ಇಲ್ಲ. ನೀರಿನ ಕ್ಯಾನು ನಿಲ್ಲಿಸಿದ್ದು ಸಾರ್ ಅಂತಲೂ ಇಲ್ಲ.

ಕಮಿಟಿಯ ಒಂಬತ್ತು ಜನರಲ್ಲಿ ಒಬ್ಬರು ಉತ್ತರ ಕೊಟ್ಟಿದ್ದಾರೆ. ಫೋಟೋ ಸ್ಪಷ್ಟವಾಗಿಲ್ಲವಂತೆ.

ಆಗಸ್ಟ್ 29, ಶುಕ್ರವಾರ. ಕರಡಿಗುಂಡಿ

ಲಾರಿ ಬಂತು. ಪೆಟ್ಟಿಗೆ, ಟ್ಯಾಂಕು, ಫ್ರಿಜ್ಜು. ಫ್ರಿಜ್ಜು ಯಾಕೆ ಅಂತ ಪ್ರಮೀಳಾ ಸಿಸ್ಟರ್ ಅಡ್ಡ ನಿಂತರು. ಅದೂ ಯೋಜನೆಯದ್ದೇ ಮೇಡಂ ಅಂದರು ಲಾರಿಯವರು. ಅವರ ಊಟದ ಡಬ್ಬಿ ತೆಗೆದು ಕೈಗೆ ಕೊಟ್ಟರು.

ಕಾಳಿ ಅತ್ತೆ ಪೆಟ್ಟಿಗೆ ಇದ್ದ ಜಾಗ ಗುಡಿಸಿ ನೀರು ಚಿಮುಕಿಸಿದಳು. “ಅಲ್ಲಿ ಯಾರು ನೀರಾಕ್ತರೆ ಅದುಕ್ಕೆ?” ಅಂತ ಲಾರಿಯವನನ್ನು ಕೇಳಿದಳು. ರೆಸಾರ್ಟಲ್ಲಿ ಸ್ವಿಮ್ಮಿಂಗ್ ಪೂಲೇ ಅದೆ ಅಜ್ಜಿ ಅಂದ ಅವನು.

ನಾನು ಅಪ್ಪನ ಗುಡಿಸಿಲಲ್ಲೇ ಇದ್ದೇನೆ. ಎಂಟು ದಿನ ಆಯಿತು. ಯಾಕೆ ಬಂದೆ ಅಂತ ಯಾರೂ ಕೇಳಿಲ್ಲ. ಚಿನ್ನು ದಿನಾ ನಮ್ಮ ಬಾಗಿಲ ಮುಂದೆ ಹಾದು ಕೂಲಿಗೆ ಹೋಗುತ್ತಾಳೆ, ಅದೇ ಶುಂಠಿ ಹೊಲಕ್ಕೆ. ನೋಡುತ್ತಾಳೆ. ಗೊತ್ತಾದ ಮೇಲೆ ಹೇಳು ಅಂದಿದ್ದಳು.

ಗೊತ್ತಾಗಿ ನಲವತ್ತು ದಿನ ಆಗುತ್ತಾ ಬಂತು.

ಸೆಪ್ಟೆಂಬರ್ 7, ಭಾನುವಾರ

ಇವತ್ತು ಸಂಘದ ಸಭೆ. ಪೆಟ್ಟಿಗೆ ಇದ್ದ ಖಾಲಿ ಶೆಡ್ಡಿನಲ್ಲೇ ಕೂತೆವು, ಹೊರಗೆ ಮಳೆ. ಮೂವತ್ತನಾಲ್ಕು ಮನೆಯಿಂದ ಮನೆಗೊಬ್ಬರು. ಪೆಟ್ಟಿಗೆ ಕೆಟ್ಟಿದ್ದು ಕಾಳಿ ನೀರಿಂದ ಅಂತ ಸಂಸ್ಥೆ ಬರೆದಿದೆ ಅನ್ನೋ ಸುದ್ದಿ ಆಗಲೇ ಬಂದಿತ್ತು. ಕಾಳಿ ಅತ್ತೆ ಮೂಲೆಯಲ್ಲಿ ಮಂಡಿಗೆ ತಲೆ ಕೊಟ್ಟು ಕೂತಿದ್ದಳು. ಎರಡು ದಿನದಿಂದ ಬಾಯಿ ಬಿಟ್ಟಿಲ್ಲವಂತೆ. ಕೊನೆಗೆ ತಲೆ ಎತ್ತದೆ ಅಂದಳು, “ನನ್ ನೀರಿಂದ್ಲೇ ದೇವ್ರಾಜ ಹೋದ ಅಂತವ್ರಲ್ಲಪ್ಪ.”

ನಾನು ಎದ್ದು ನಿಂತೆ. ಏನೇನು ಹೇಳಿದೆ ಅಂತ ನೆನಪಿಲ್ಲ. ಎಲ್ಬೋ ಅಂದೆ, ಮ್ಯಾಗ್ನೆಟ್ ಅಂದೆ, ಜೀಪಿನಲ್ಲಿ ಕೂತು ಟಿಕ್ ಹಾಕಿದೆ ಅಂದೆ. ಅತ್ತೆಯ ನೀರು ಲ್ಯಾಬಿನ ನೀರಿಗಿಂತ ಚೊಕ್ಕ ಇತ್ತು ಅಂದೆ. ಅದನ್ನ ಎರಡು ಸಲ ಅಂದೆ.

ದೊಡ್ಡತಾಯಮ್ಮ, ಹಾಡಿಯ ಹಿರಿ ಹೆಂಗಸು, ಎಲೆಅಡಿಕೆ ಉಗಿದು ಬಂದು ಅಂದಳು, “ಅಂಗಾದ್ರೆ ನೋಡ್ದೇನೆ ನೋಡಿವ್ನಿ ಅಂತ ಬರ್ದೆ.”

“ಹೌದಜ್ಜಿ.”

“ನಮ್ಗೆ ಜಮೀನಿಲ್ಲ ಅಂತ ಬರ್ದ ಸರ್ವೆಯೋನೂ ಅಂಗೇ ಬರ್ದಿದ್ದ. ಜೀಪ್ ಇಳೀದೇಯ.”

ಅಪ್ಪ ನಗಲಿಲ್ಲ. ನಾನು ಅವನ ಮುಖ ನೋಡಲಿಲ್ಲ, ನಗಲಿಲ್ಲ ಅನ್ನೋದು ಮಾತ್ರ ಗೊತ್ತು.

ಚಿನ್ನು ಎದ್ದು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಆಗುತ್ತಿತ್ತು. “ನಲ್ವತ್ತೇಳ್ ದಿನ” ಅಂದಳು. ಎಣಿಸಿದ್ದಾಳೆ. ನಾನು ಶೆಡ್ಡಿನಿಂದ ಬ್ಯಾಗು ತುಂಬಿಕೊಂಡು ಹೋದ ದಿನದಿಂದ ಎಣಿಸಿದ್ದಾಳೆ. ಇವತ್ತು ನಲವತ್ತೆಂಟು, ನಾನು ಬಾಯಿ ಬಿಡುವ ಮುಂಚಿನವು ನಲವತ್ತೇಳು. “ಅದ್ರಾಗೆ ಒಂದಿನ ಬಂದು ಏಳಿದ್ರೆ ಕಾಳವ್ವ ಇಂಗೆ ಮೂಲೇಲಿ ಕೂರ್ತಿರ್ನಿಲ್ಲ.” ಅಷ್ಟೆ. ಹೋಗಿ ಅತ್ತೆಯ ಪಕ್ಕ ಕೂತಳು.

ಯಾರೂ ನನ್ನನ್ನು ಕ್ಷಮಿಸಲಿಲ್ಲ. ಬೈಯಲೂ ಇಲ್ಲ. ಅಪ್ಪ ಗೂಟದಿಂದ ಚೀಲ ಇಳಿಸಿ ಸಂಘದ ಪುಸ್ತಕ ತೆಗೆದು ನನ್ನ ಮುಂದಿಟ್ಟ. ಗೆದ್ದಲು ಒಂದು ಅಂಚು ತಿಂದಿದೆ. ಹನ್ನೆರಡು ವರ್ಷದ ಹಿಂದಿನ ನನ್ನ ಕೈಬರಹ, ಆಮೇಲೆ ಯಾರು ಯಾರದೋ.

“ಬರಿ. ನೋಡ್ಬುಟ್ಟು ಬರಿ.”

“ನಾನಾ?”

“ಇದ್ರಲ್ಲಿ ಮೊದ್ಲು ಬರ್ದೋಳು ನೀನೇಯ. ತಪ್ಪು ಮಾಡಿರೋಳೂ ನೀನೇಯ. ಒಂದೇ ಕೈ ಸಾಕು.”

ಅಲ್ಲಿ ಬರೆದದ್ದನ್ನೇ ಇಲ್ಲಿ ಇಳಿಸುತ್ತಿದ್ದೇನೆ, ಆ ಪುಸ್ತಕವನ್ನು ಗೆದ್ದಲು ತಿಂದರೂ ಇದು ಉಳಿಯಲಿ ಅಂತ.

ಕೊಡ್ತೀವಿ ಅಂದದ್ದು: ಕರೆಂಟು, ಫ್ರಿಜ್ಜು, ಔಷಧಿ, ನೀರು, ಐದು ವರ್ಷ.

ಕೊಡದೆ ಇದ್ದದ್ದು: ಎಲ್ಲವೂ.

ತೆಗೆದುಕೊಂಡು ಹೋದದ್ದು: ಪೆಟ್ಟಿಗೆ. ಫ್ರಿಜ್ಜು. ಕಾಳಿಯ ಮಡಕೆ, ಹನ್ನೊಂದು ಬಾಟಲಿ. ಚಿನ್ನುವಿನ ಗಂಡ ದೇವರಾಜ, ಮೂವತ್ತೊಂದು ವರ್ಷ.

ನಾವು ಜವಾಬು ಕೇಳುವವರು: ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಬಳಿದ ಕಂಟ್ರಾಕ್ಟರ್ ಕಂಠಪ್ಪ. ನೀರು ನಿಲ್ಲಿಸಿ, ಎಲ್ಬೋಗೆ ಬೀಗ ಹಾಕಿದ ವೀರಭದ್ರಸ್ವಾಮಿ. ಫೋಟೋ ಸ್ಪಷ್ಟವಿಲ್ಲ ಅಂದ ಕಮಿಟಿ. ಮಡಕೆ ಒಡೆದ ಇಬ್ಬರು, ಹೆಸರು ಗೊತ್ತಿಲ್ಲ.

ಇಲ್ಲಿಗೆ ಪೆನ್ನು ನಿಲ್ಲಿಸಿದೆ. ಶೆಡ್ಡಿನಲ್ಲಿ ಯಾರೂ ಏಳಲಿಲ್ಲ. ಎಲ್ಲರೂ ಪೆನ್ನನ್ನೇ ನೋಡುತ್ತಿದ್ದರು. ಬರೆದೆ.

ಶ್ಯಾಮಲಾ, ಮಂಟಯ್ಯನ ಮಗಳು, ಕರಡಿಗುಂಡಿ ಹಾಡಿ. ನೋಡದೆ ಟಿಕ್ ಹಾಕಿದವಳು. ಗೊತ್ತಾದ ಮೇಲೂ ನಲವತ್ತೇಳು ದಿನ ಹೇಳದವಳು.

ಓದಿ ಹೇಳಿದೆ. ಚಿನ್ನು ಮೊದಲು ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಸಹಿ ಬರುತ್ತದೆ, ಇಬ್ಬರೂ ಒಂದೇ ಬೆಂಚಿನಲ್ಲಿ ಕಲಿತದ್ದು. ಆದರೂ ಒತ್ತಿದಳು. ಆಮೇಲೆ ಕಾಳಿ ಅತ್ತೆ. ಆಮೇಲೆ ಮಿಕ್ಕವರು. ಮೂವತ್ತನಾಲ್ಕು.

ಮುಂದಿನ ಸಭೆ: ಸೆಪ್ಟೆಂಬರ್ 15, ಸೋಮವಾರ, ಬೆಳಿಗ್ಗೆ ಹತ್ತೂವರೆ ಗಂಟೆ, ಹುಣಸೂರು, ಸಂಸ್ಥೆಯ ಗೇಟಿನ ಮುಂದೆ.